ಯಂತ್ರಕ್ಕೂ ಅರ್ಥವಾಗುವಂತೆ ಬರೆಯೋಣ

(ವಾರ್ಷಿಕ ಸಮಾರಂಭದ ಭಾಷಣದ ಸಾರಾಂಶ)



ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರಿಗೆ ಪಹಣಿ ಹೊಸದಲ್ಲ. 2000ದ ದಶಕದ ಆರಂಭದಲ್ಲಿ 'ಭೂಮಿ' ತಂತ್ರಾಂಶ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿತು. ಅದರಲ್ಲಿ ವಿಸ್ತೀರ್ಣ 2.20 ಎಂದಿದ್ದರೆ ನಮ್ಮ ರೈತರು ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಓದುತ್ತಾರೆ. ಎಕರೆಗೆ 40 ಗುಂಟೆ. ಅಂದರೆ ಎರಡೂವರೆ ಎಕರೆ. ಇದನ್ನು ಬರೆದು ತಿಳಿಸದಿದ್ದರೆ ಕೃತಕ ಬುದ್ಧಿಮತ್ತೆಯ ಏಜೆಂಟ್ ದಶಮಾಂಶವೆಂದು ಭಾವಿಸಿ ಎರಡು ಎಕರೆ ಎಂಟು ಗುಂಟೆ ಎನ್ನಬಹುದು. ಹನ್ನೆರಡು ಗುಂಟೆ ಮಾಯ! ಸಾಲದ ಅರ್ಜಿಯಲ್ಲಾಗಲಿ, ಬೆಳೆ ವಿಮೆಯಲ್ಲಾಗಲಿ ಆ ನಷ್ಟ ಬಡ ರೈತನದೇ.

ಏಜೆಂಟ್ ಎಂದರೆ ಬೇರೆ ತಂತ್ರಾಂಶಗಳನ್ನು ತಾನೇ ಬಳಸಿ ಕೆಲಸ ಮಾಡುವ ವ್ಯವಸ್ಥೆ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಪ್ರತಿ ಸಾಧನಕ್ಕೂ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಇರುತ್ತವೆ. ಯಾವುದನ್ನು ಹೇಗೆ ಬಳಸಬೇಕೆಂದು ಏಜೆಂಟ್ ನಿರ್ಧರಿಸುವುದು ಅದನ್ನು ಓದಿಯೇ. ಹೊಸ ಗುಮಾಸ್ತ ಪಕ್ಕದವರನ್ನು ಕೇಳಿ ತಿಳಿಯುತ್ತಾನೆ. ಏಜೆಂಟ್ ಬರೆದದ್ದನ್ನು ನಂಬುತ್ತದೆ.

ಆದ್ದರಿಂದ ತಂತ್ರಾಂಶ ರೂಪಿಸುವಾಗ ಐದು ಮಾತು ಬರೆಯಿರಿ: ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಅಳತೆ ಯಾವುದು, ದಾಖಲೆಯನ್ನು ಓದುತ್ತದೆಯೋ, ತಿದ್ದುತ್ತದೆಯೋ, ದಾಖಲೆ ಸಿಗದಿದ್ದರೆ ಏನು ಹೇಳುತ್ತದೆ. 'ಸಿಗಲಿಲ್ಲ' ಎಂಬುದು 'ಜಮೀನಿಲ್ಲ' ಎಂದಾಗಬಾರದು. ಜೊತೆಗೊಂದು ಉದಾಹರಣೆ ಇರಲಿ.

ಕೋಡ್ ಬರೆಯಲು ದೊಡ್ಡ ಊರಿನವರಿಗೂ ಬರುತ್ತದೆ. ಗುಂಟೆ, ಹಿಸ್ಸಾ, ಖರಾಬು ಗೊತ್ತಿರುವುದು ನಿಮಗೆ. ಆ ತಿಳಿವಳಿಕೆಯನ್ನು ಸ್ಪಷ್ಟವಾಗಿ ಬರೆದಿಡುವ ಹೊಣೆಯೂ ನಿಮ್ಮದೇ.