ಲಾಭ ಅವರದು, ನಷ್ಟ ನಾಡಿನದು

(ನಗರದ ಸಭಾಭವನವೊಂದರಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರ್ಥಿಕ ಹಿಂಜರಿತದ ಸಂದರ್ಭದಲ್ಲಿ ಸರಕಾರಗಳು ಖರ್ಚು ಮಾಡುವ ಹಣ ಯಾರ ಮನೆ ಸೇರುತ್ತದೆ ಎಂಬ ಕುರಿತು ಮಾತನಾಡಲು ನನಗೆ ಹೇಳಲಾಗಿದೆ. ಇದಕ್ಕೆ 2008ರ ಅಮೇರಿಕಕ್ಕಿಂತ ಉತ್ತಮ ಉದಾಹರಣೆ ಇನ್ನೊಂದಿಲ್ಲ. ಇಷ್ಟು ವರ್ಷಗಳ ಬಳಿಕ ಅದನ್ನೇಕೆ ಕೆದಕಬೇಕು ಎಂದು ನೀವು ಕೇಳಬಹುದು. ಅಂದು ಮುಚ್ಚಿದ್ದ ಕಡತಗಳು ಇಂದು ತೆರೆದಿವೆ, ಲೆಕ್ಕ ಸ್ಪಷ್ಟವಾಗಿದೆ. ಕೋಪ ತಣಿದ ಮೇಲೆ ಲೆಕ್ಕ ನೋಡುವುದೇ ಒಳ್ಳೆಯದು.

ನಡೆದದ್ದಾದರೂ ಏನು? ಆದಾಯದ ದಾಖಲೆಯನ್ನೂ ಕೇಳದೆ ಜನರಿಗೆ ಮನೆಸಾಲ ಕೊಡಲಾಯಿತು. ಕೊಟ್ಟವರು ಆ ಸಾಲವನ್ನು ತಮ್ಮ ಬಳಿ ಇಟ್ಟುಕೊಳ್ಳಲಿಲ್ಲ. ಸಾವಿರಾರು ಸಾಲಗಳನ್ನು ಒಟ್ಟುಗೂಡಿಸಿ, ಬಾಂಡ್‌ಗಳನ್ನಾಗಿ ಮಾಡಿ ಮಾರಿದರು. ರೇಟಿಂಗ್ ಸಂಸ್ಥೆಗಳು ಅವುಗಳಿಗೆ ಅತ್ಯುನ್ನತ ದರ್ಜೆಯ ಮುದ್ರೆ ಒತ್ತಿದವು. ಈ ಬಾಂಡ್‌ಗಳು ಮುಳುಗಿದರೆ ನಾವು ತುಂಬಿಕೊಡುತ್ತೇವೆ ಎಂದು ಎ.ಐ.ಜಿ. ಎಂಬ ವಿಮಾ ಕಂಪೆನಿ ಭರವಸೆ ಮಾರಿತು. ಆದರೆ ತುಂಬಿಕೊಡಲು ಬೇಕಾದ ಹಣವನ್ನು ಬದಿಗಿಡಲೇ ಇಲ್ಲ. ಮನೆಗಳ ಬೆಲೆ ಏರುತ್ತಿರುವಷ್ಟು ಕಾಲ ಎಲ್ಲರೂ ಜಾಣರಾಗಿದ್ದರು. ಬೆಲೆ ಇಳಿದಾಗ ಸೆಪ್ಟೆಂಬರ್ 15, 2008ರಂದು ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಮರುದಿನವೇ ಎ.ಐ.ಜಿ.ಗೆ 8,500 ಕೋಟಿ ಡಾಲರ್‌ಗಳ ಸಾಲ ಮಂಜೂರಾಯಿತು. ಅದರಿಂದ ಪಾರಾದ ಕೆಲವೇ ದಿನಗಳಲ್ಲಿ ಆ ಸಮೂಹದ ಒಂದು ಘಟಕವು ಕ್ಯಾಲಿಫೋರ್ನಿಯಾದ ಐಷಾರಾಮಿ ರೆಸಾರ್ಟೊಂದರಲ್ಲಿ ಸಮಾವೇಶ ನಡೆಸಿ 4 ಲಕ್ಷ 40 ಸಾವಿರ ಡಾಲರ್ ವ್ಯಯಿಸಿತು.

ಅನಂತರ ಬಂದುದು 70,000 ಕೋಟಿ ಡಾಲರ್‌ಗಳ ಬೇಲ್‌ಔಟ್. ಖಜಾನೆ ಕಾರ್ಯದರ್ಶಿ ಹೆನ್ರಿ ಪಾಲ್ಸನ್ ಸಂಸತ್ತಿನ ಮುಂದಿಟ್ಟ ಮೊದಲ ಕರಡು ಕೇವಲ ಮೂರು ಪುಟಗಳದು. ನಾನು ಕೈಗೊಳ್ಳುವ ತೀರ್ಮಾನಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂಬ ಕಲಮು ಅದರಲ್ಲಿತ್ತು. ಈ ಮಹಾಶಯರು ಅದಕ್ಕೆ ಮುನ್ನ ಗೋಲ್ಡ್‌ಮನ್ ಸ್ಯಾಕ್ಸ್‌ನ ಮುಖ್ಯಸ್ಥರಾಗಿದ್ದವರು. ಸೆಪ್ಟೆಂಬರ್ 29ರಂದು ಕೆಳಮನೆ ಮಸೂದೆಯನ್ನು 228-205 ಮತಗಳಿಂದ ತಿರಸ್ಕರಿಸಿತು. ಅಂದು ಡೌ ಜೋನ್ಸ್ ಸೂಚ್ಯಂಕ 777 ಅಂಶ ಕುಸಿಯಿತು. ನಾಲ್ಕು ದಿನಗಳಲ್ಲಿ ಅದೇ ಮಸೂದೆ 450 ಪುಟಗಳಿಗೆ ಉಬ್ಬಿ ಮರಳಿತು. ಏನೇನು ಸೇರಿಕೊಂಡಿತ್ತು ಗೊತ್ತೇ? ಮಕ್ಕಳು ಆಡುವ ಮರದ ಬಾಣಗಳ ತಯಾರಕರಿಗೆ ತೆರಿಗೆ ವಿನಾಯಿತಿ! ವಿಶ್ವದ ಅರ್ಥವ್ಯವಸ್ಥೆ ಕುಸಿಯುತ್ತಿದೆಯೆಂದು ಹೇಳುತ್ತಲೇ ತಮ್ಮ ಕ್ಷೇತ್ರದ ಬಾಣಗಳನ್ನು ಮರೆಯದವರನ್ನು ಮೆಚ್ಚಲೇಬೇಕು. ಮಸೂದೆ 263-171 ಮತಗಳಿಂದ ಅಂಗೀಕಾರವಾಯಿತು. ಮುಕ್ತ ಮಾರುಕಟ್ಟೆಯನ್ನು ಉಳಿಸಲಿಕ್ಕಾಗಿ ಮುಕ್ತ ಮಾರುಕಟ್ಟೆಯ ತತ್ವಗಳನ್ನು ಬದಿಗಿಟ್ಟೆ ಎಂಬ ಅರ್ಥದಲ್ಲಿ ಅಧ್ಯಕ್ಷ ಬುಶ್ ಅದೇ ಡಿಸೆಂಬರ್‌ನಲ್ಲಿ ಮಾತನಾಡಿದರು. ಬಡವನಿಗೆ ಆಸ್ಪತ್ರೆಯ ಖರ್ಚು ಕೊಡಬೇಕಾದಾಗ ಮಾತ್ರ ಈ ತತ್ವಗಳು ಕದಲುವುದಿಲ್ಲ.

ನವೆಂಬರ್‌ನಲ್ಲಿ ಮೂರು ಕಾರು ಕಂಪೆನಿಗಳ ಮುಖ್ಯಸ್ಥರು 2,500 ಕೋಟಿ ಡಾಲರ್ ಬೇಡಲು ಡೆಟ್ರಾಯಿಟ್‌ನಿಂದ ವಾಷಿಂಗ್ಟನ್‌ಗೆ ಬಂದರು. ಸಾಮಾನ್ಯ ವಿಮಾನದಲ್ಲಿ ಬಂದವರು ಕೈ ಎತ್ತಿ ಎಂದು ಸದಸ್ಯರೊಬ್ಬರು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಮೂವರೂ ಪ್ರತ್ಯೇಕ ಖಾಸಗಿ ಜೆಟ್‌ಗಳಲ್ಲಿ ಬಂದಿದ್ದರು. ಡಿಸೆಂಬರ್‌ನಲ್ಲಿ ಪುನಃ ಬರುವಾಗ ರಸ್ತೆಯ ಮೇಲೆ ಕಾರಿನಲ್ಲಿ ಬಂದರು. ಪತ್ರಿಕೆಗಳು ಇದನ್ನು ಬಹಳವಾಗಿ ಅಪಹಾಸ್ಯ ಮಾಡಿದವು. ವಾಸ್ತವದಲ್ಲಿ ಬ್ಯಾಂಕುಗಳಿಗೆ ಸಂದುದರ ಮುಂದೆ ಅವರು ಕೇಳಿದ್ದು ಅಲ್ಪ. ಅವರ ಹಿಂದೆ ಲಕ್ಷಾಂತರ ಕಾರ್ಮಿಕರಿದ್ದರು. ಬ್ಯಾಂಕುಗಳ ಮುಖ್ಯಸ್ಥರು ಹೇಗೆ ಬಂದರೆಂದು ಯಾರೂ ಅಷ್ಟು ಕಟುವಾಗಿ ಕೇಳಲಿಲ್ಲ.

ಇನ್ನು ರಾಜಕಾರಣಿಗಳು. ಬುಶ್ ಅಧಿಕಾರಕ್ಕೇರಿದಾಗ ಅಮೇರಿಕದ ರಾಷ್ಟ್ರೀಯ ಸಾಲ ಸುಮಾರು 5.7 ಲಕ್ಷ ಕೋಟಿ ಡಾಲರ್, ಇಳಿದಾಗ 10.6 ಲಕ್ಷ ಕೋಟಿ. ತೆರಿಗೆ ಕಡಿತ ಮಾಡುತ್ತಲೇ ಅಫಘಾನಿಸ್ತಾನ ಮತ್ತು ಇರಾಕ್‌ನಲ್ಲಿ ಸಾಲದ ಹಣದಿಂದ ಯುದ್ಧ ಮಾಡಲಾಯಿತು. ಆಗ ರಿಪಬ್ಲಿಕನ್ನರಿಗೆ ಸಾಲದ ಚಿಂತೆ ಕಾಡಲಿಲ್ಲ. 2009ರ ಫೆಬ್ರವರಿಯಲ್ಲಿ ಒಬಾಮ 78,700 ಕೋಟಿ ಡಾಲರ್‌ಗಳ ಪುನಶ್ಚೇತನ ಯೋಜನೆ ತಂದಾಗ ಮಾತ್ರ ಅವರಿಗೆ ಮೊಮ್ಮಕ್ಕಳ ಭವಿಷ್ಯ ನೆನಪಾಯಿತು. ಕೆಳಮನೆಯಲ್ಲಿ ಅವರ ಒಂದು ಮತವೂ ಬೀಳಲಿಲ್ಲ. ಅದೇ ಸದನದಲ್ಲಿ ನಾಲ್ಕೇ ತಿಂಗಳ ಹಿಂದೆ ಬ್ಯಾಂಕುಗಳ ಮಸೂದೆಗೆ ಅವರ ಪಕ್ಷದ 91 ಮತಗಳು ಬಿದ್ದಿದ್ದವು.

ಹಾಗೆಂದು ಡೆಮಾಕ್ರಟರನ್ನು ಹೊಗಳಲು ನಾನಿಲ್ಲಿ ನಿಂತಿಲ್ಲ. 1933ರ ಕಾನೂನು ಠೇವಣಿ ಬ್ಯಾಂಕು ಮತ್ತು ಸಟ್ಟಾ ವ್ಯವಹಾರದ ನಡುವೆ ಕಟ್ಟಿದ್ದ ಗೋಡೆಯನ್ನು 1999ರಲ್ಲಿ ಕೆಡವಿದ ಮಸೂದೆಗೆ ಸಹಿ ಹಾಕಿದವರು ಕ್ಲಿಂಟನ್. 2009ರ ಮಾರ್ಚ್‌ನಲ್ಲಿ, ಸಾರ್ವಜನಿಕ ಹಣದಿಂದ ಉಸಿರಾಡುತ್ತಿದ್ದ ಎ.ಐ.ಜಿ. ತನ್ನ ನಷ್ಟದ ವಿಭಾಗದವರಿಗೇ 16.5 ಕೋಟಿ ಡಾಲರ್ ಬೋನಸ್ ಹಂಚಿದಾಗ ಎರಡೂ ಪಕ್ಷಗಳು ಗುಡುಗಿದವು. ಆದರೆ ಹಳೆಯ ಒಪ್ಪಂದದ ಬೋನಸ್‌ಗಳಿಗೆ ರಕ್ಷಣೆ ನೀಡುವ ಕಲಮು ಪುನಶ್ಚೇತನ ಕಾನೂನಿನಲ್ಲೇ ಅಡಗಿತ್ತು! ಅದನ್ನು ಸೇರಿಸಿದ್ದು ತಾನಲ್ಲವೆಂದ ಸೆನೆಟರ್ ಕ್ರಿಸ್ಟೋಫರ್ ಡಾಡ್, ಮರುದಿನ ತನ್ನ ಪಾತ್ರವನ್ನು ಒಪ್ಪಿಕೊಂಡು, ಖಜಾನೆ ಇಲಾಖೆಯ ಒತ್ತಡವೇ ಕಾರಣವೆಂದರು. ಕೆಳಮನೆ ಆ ಬೋನಸ್‌ಗಳ ಮೇಲೆ ಶೇ. 90 ತೆರಿಗೆ ವಿಧಿಸುವ ಮಸೂದೆಯನ್ನು 328-93 ಮತಗಳಿಂದ ಅಂಗೀಕರಿಸಿತು. ಸೆನೆಟ್‌ನಲ್ಲಿ ಅದು ಸದ್ದಿಲ್ಲದೆ ಸತ್ತಿತು. ಎ.ಐ.ಜಿ.ಗೆ ಸಂದ ಹಣದಲ್ಲಿ 1,290 ಕೋಟಿ ಡಾಲರ್ ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಹರಿದುಹೋದುದು ಬಹಿರಂಗವಾದದ್ದೂ ಅದೇ ತಿಂಗಳಲ್ಲಿ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. 70,000 ಕೋಟಿಯಲ್ಲಿ ನಿಜವಾಗಿ ವಿತರಣೆಯಾದುದು ಸುಮಾರು 44,300 ಕೋಟಿ. ಬ್ಯಾಂಕುಗಳು ತಮಗೆ ಸಂದುದನ್ನು ಬಡ್ಡಿ ಸಮೇತ ಮರಳಿಸಿದವು. ಹಾಗಾದರೆ ಅನ್ಯಾಯವೆಲ್ಲಿದೆ? ಯಾರೂ ಸಾಲ ಕೊಡದ ಘಳಿಗೆಯಲ್ಲಿ ಸಾಲ ಸಿಗುವುದೇ ಜೀವದಾನ. ಅಂತಹ ಜೀವದಾನ ಮನೆ ಕಳಕೊಂಡವನಿಗೆ ದೊರೆಯಿತೇ? 2009ರಲ್ಲಿ 30ರಿಂದ 40 ಲಕ್ಷ ಕುಟುಂಬಗಳ ಸಾಲದ ಕಂತು ಇಳಿಸುವ ಯೋಜನೆ ಘೋಷಣೆಯಾಯಿತು. 2010ರ ಅಂತ್ಯಕ್ಕೆ ಶಾಶ್ವತ ಪರಿಹಾರ ಪಡೆದವರು 6 ಲಕ್ಷಕ್ಕಿಂತಲೂ ಕಡಿಮೆ. ಅದೇ ಒಂದು ವರ್ಷದಲ್ಲಿ 28 ಲಕ್ಷಕ್ಕೂ ಹೆಚ್ಚು ಆಸ್ತಿಗಳಿಗೆ ಜಪ್ತಿ ಪ್ರಕ್ರಿಯೆಯ ನೋಟೀಸು ಜಾರಿಯಾಯಿತು. ಬ್ಯಾಂಕಿಗೆ ಮೂರು ಪುಟ ಸಾಕಾಯಿತು. ಮನೆಯೊಡೆಯ ಕಾಗದದ ಕಟ್ಟುಗಳನ್ನು ಮತ್ತೆ ಮತ್ತೆ ಕಳುಹಿಸಬೇಕಾಯಿತು.

ನಮ್ಮ ದೇಶದ ಕುರಿತೂ ಒಂದು ಮಾತು. 2008ರ ಬಜೆಟಿನಲ್ಲಿ ರೈತರ ಸುಮಾರು 60,000 ಕೋಟಿ ರೂಪಾಯಿ ಸಾಲ ಮನ್ನಾ ಘೋಷಿಸಿದಾಗ, ಇದರಿಂದ ಸಾಲಗಾರರ ಶಿಸ್ತು ಕೆಡುತ್ತದೆ ಎಂದು ಆಂಗ್ಲ ಪತ್ರಿಕೆಗಳ ಪಂಡಿತರು ಹಲುಬಿದರು. 2014-15ರಿಂದ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು 14.56 ಲಕ್ಷ ಕೋಟಿ ರೂಪಾಯಿಗಳ ಸಾಲವನ್ನು ಲೆಕ್ಕದಿಂದ ತೆಗೆದುಹಾಕಿವೆಯೆಂದೂ, ಅದರಲ್ಲಿ ಅರ್ಧದಷ್ಟು ದೊಡ್ಡ ಉದ್ದಿಮೆಗಳದೆಂದೂ 2023ರಲ್ಲಿ ಸರಕಾರವೇ ಸಂಸತ್ತಿಗೆ ತಿಳಿಸಿತು. ಲೆಕ್ಕದಿಂದ ತೆಗೆಯುವುದೆಂದರೆ ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂಬ ವಿವರಣೆ ತಾಂತ್ರಿಕವಾಗಿ ಸರಿಯೇ. ವಸೂಲಾದುದು ಅದರ ಒಂದು ಸಣ್ಣ ಪಾಲು. ಶಿಸ್ತಿನ ಪ್ರವಚನ ಆಗ ಕೇಳಿಸಲಿಲ್ಲ.

ಕರಾವಳಿಯ ನಮ್ಮ ಮನೆಗಳಿಗೆ ಈ ಬಿಕ್ಕಟ್ಟು ನ್ಯೂಯಾರ್ಕಿನಿಂದಲ್ಲ, ದುಬೈಯಿಂದ ಬಂತು. ಅಲ್ಲಿ ಕ್ರೇನ್‌ಗಳು ನಿಂತವು. 2009ರ ನವೆಂಬರ್‌ನಲ್ಲಿ ದುಬೈ ವರ್ಲ್ಡ್ ಸಂಸ್ಥೆ ತನ್ನ ಸಾಲ ಮರುಪಾವತಿಗೆ ಸಮಯ ಕೇಳಿತು. ಡಿಸೆಂಬರ್‌ನಲ್ಲಿ ಅಬೂಧಾಬಿ 1,000 ಕೋಟಿ ಡಾಲರ್ ನೀಡಿತು. ಮುಂದಿನ ಜನವರಿಯಲ್ಲಿ ಬುರ್ಜ್ ದುಬೈ ಗೋಪುರ ಉದ್ಘಾಟನೆಯಾಗುವಾಗ ಅದರ ಹೆಸರು ಬುರ್ಜ್ ಖಲೀಫ ಎಂದಾಯಿತು. ನಮ್ಮ ಬೀದಿಯ ಯುವಕನೊಬ್ಬ ಅಲ್ಲಿ ಟೈಲ್ಸ್ ಕೆಲಸದಲ್ಲಿದ್ದ. ವೀಸಾ ರದ್ದಾಗಿ ಆತ ಮರಳುವಾಗ ಮೂರು ತಿಂಗಳ ಸಂಬಳ ಬಾಕಿಯಿತ್ತು. ಪರಿಸ್ಥಿತಿ ಸುಧಾರಿಸಿದೊಡನೆ ಪಾವತಿಸಲಾಗುವುದೆಂದು ಕಂಪೆನಿ ಬರೆದುಕೊಟ್ಟ ಪತ್ರವನ್ನು ಆತನ ತಾಯಿ ನನಗೆ ತೋರಿಸಿ ಓದಿಸಿದ್ದರು. ತಂಗಿಯ ಮದುವೆ ಎರಡು ವರ್ಷ ಮುಂದೆ ಹೋಯಿತು. ಪರಿಸ್ಥಿತಿ ಸುಧಾರಿಸಿತು, ಕ್ರೇನ್‌ಗಳು ಪುನಃ ತಿರುಗತೊಡಗಿದವು. ಆ ಪತ್ರ ಇಂದಿಗೂ ಅವರ ಪೆಟ್ಟಿಗೆಯಲ್ಲಿದೆ.

ಸಮಯವಾಯಿತು. ಪ್ರಶ್ನೆಗಳಿದ್ದರೆ ಕೇಳಬಹುದು.