ಅತ್ತೆಯ ಓಟು ಎಲ್ಲಿ ಹೋಯ್ತು?

ರಿಯಾಲಿಟಿ ಶೋಗಳ ಸೀಸನ್ ಶುರುವಾದ್ರೆ ಸಾಕು, ನಮ್ಮ ಸುದ್ದಿಮನೆಗೂ ಫೋನ್ ಬರೋಕೆ ಶುರುವಾಗುತ್ತೆ. "ಸಾರ್, ಓಟು ಹಾಕೋಕೆ ಆಗ್ತಿಲ್ಲ, ಒಟಿಪಿ ಬರ್ತಿಲ್ಲ, ಏನ್ಮಾಡೋದು?" ಆ ಶೋಗೂ ನಮಗೂ ಸಂಬಂಧ ಇಲ್ಲ ಅಂದ್ರೂ ಬಿಡಲ್ಲ. "ನೀವೂ ಟಿವಿಯವರೇ ತಾನೇ?" ಅಂತಾರೆ. ಹೌದು, ನಾವೂ ಟಿವಿಯವರೇ. ಅದಕ್ಕೇ ಇವತ್ತು ಈ ವಿಷಯ ಮಾತಾಡ್ತೀನಿ.

ಇದು 2012ರ ಆಗಸ್ಟ್ ತಿಂಗಳ ಕಥೆ. ಆಗ ಆ್ಯಪ್ ಇರಲಿಲ್ಲ, ಓಟು ಅಂದ್ರೆ ಎಸ್ಸೆಮ್ಮೆಸ್. ನಾನು ಎಂಜಿನಿಯರಿಂಗ್ ಓದ್ತಿದ್ದೆ. ನಮ್ಮೂರು ನಂಜನಗೂಡು. ನನ್ನ ಸೋದರತ್ತೆ ಇದ್ದದ್ದು ಟಿ. ನರಸೀಪುರದಲ್ಲಿ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ಹೂವು ಕಟ್ಟಿ ಮಾರ್ತಿದ್ರು. ಸ್ವಾತಂತ್ರ್ಯ ದಿನಾಚರಣೆ ಮುಗಿಸಿಕೊಂಡು ಆ ಶನಿವಾರ ಅವರ ಮನೆಗೆ ಹೋದೆ. ಕಾಫಿ ಕೊಡೋದಕ್ಕೂ ಮುಂಚೆ ಕೈಗೆ ಮೊಬೈಲ್ ಕೊಟ್ರು.

"ಇದ್ಯಾಕೋ ಹೋಯ್ತಿಲ್ಲ, ನೋಡಪ್ಪ. ನೀನು ಎಂಜಿನಿಯರ್ ಅಲ್ವಾ?"

ಹಾಡಿನ ಸ್ಪರ್ಧೆ. ನಮ್ಮ ಕಡೆಯ ಒಬ್ಬ ಹುಡುಗ ಕೊನೆಯ ಸುತ್ತುಗಳಿಗೆ ಬಂದಿದ್ದ. "ನಮ್ ಕಡೆ ಹುಡ್ಗ ಕಣೋ. ನಾವು ಹಾಕ್ದೆ ಇನ್ಯಾರು ಹಾಕ್ತಾರೆ?" ಅನ್ನೋದು ಅತ್ತೆಯ ನ್ಯಾಯ. ಒಂದು ಓಟಿಗೆ ಮೂರು ರೂಪಾಯಿ.

ನಾನು ಓದಿದ್ದನ್ನೆಲ್ಲ ಪ್ರಯೋಗ ಮಾಡೋಕೆ ಕೂತೆ. ಮೊದಲು ಬ್ಯಾಲೆನ್ಸ್ ನೋಡಿದೆ. ಅಂಗಡಿಯವನು ಎಸ್ಸೆಮ್ಮೆಸ್ ಪ್ಯಾಕ್ ಹಾಕಿಕೊಟ್ಟಿದ್ದ, ಆದರೆ ಐದಂಕಿಯ ಸ್ಪರ್ಧೆ ನಂಬರಿಗೆ ಆ ಪ್ಯಾಕ್ ನಡೆಯಲ್ಲ, ದುಡ್ಡು ಮುಖ್ಯ ಬ್ಯಾಲೆನ್ಸಿನಿಂದಲೇ ಹೋಗುತ್ತೆ. ಅತ್ತೆಗೆ ಅದನ್ನ ಯಾರೂ ಹೇಳಿರಲಿಲ್ಲ. ಹತ್ತು ರೂಪಾಯಿ ಪ್ಯಾಕು ದಂಡ. ಹೊಸದಾಗಿ ರೀಚಾರ್ಜ್ ಮಾಡಿಸಿದೆ. ಆಮೇಲೆ ಸೆಟ್ಟಿಂಗ್ಸಿನಲ್ಲಿ ಮೆಸೇಜ್ ಸೆಂಟರ್ ನಂಬರ್ ನೋಡಿದೆ. ಅದು ತಪ್ಪಿದ್ರೆ ಯಾರಿಗೂ ಒಂದು ಮೆಸೇಜೂ ಹೋಗಲ್ಲ. ಅದು ಸರಿಯಾಗಿತ್ತು.

ಆಮೇಲೆ ಹಿಂದೆ ಕಳಿಸಿದ್ದನ್ನ ತೆಗೆದು ನೋಡಿದೆ. ಇಪ್ಪತ್ತಕ್ಕೂ ಹೆಚ್ಚು ಮೆಸೇಜು. ಎಲ್ಲದರಲ್ಲೂ ಒಂದೇ ತಪ್ಪು. ಶೋ ಹೆಸರಿಗೂ ಹುಡುಗನ ಹೆಸರಿಗೂ ನಡುವೆ ಜಾಗ ಬಿಟ್ಟಿರಲಿಲ್ಲ. ಯಾರೋ ಒಮ್ಮೆ ಬರೆದುಕೊಟ್ಟಿದ್ದನ್ನ ಅತ್ತೆ ಪ್ರತಿವಾರ ಹಾಗೇ ಕಳಿಸ್ತಿದ್ರು. ಮನುಷ್ಯ ಓದಿದ್ರೆ ಅರ್ಥ ಆಗುತ್ತೆ. ಆದರೆ ಅಲ್ಲಿ ಓದೋದು ಕಂಪ್ಯೂಟರ್. ಮೊದಲ ಪದ ಯಾವ ಸ್ಪರ್ಧೆ ಅಂತ ನೋಡುತ್ತೆ, ಎರಡನೇ ಪದ ಯಾರಿಗೆ ಅಂತ ನೋಡುತ್ತೆ. ಎರಡೂ ಅಂಟಿಕೊಂಡ್ರೆ ಅದಕ್ಕೆ ಎರಡೂ ಇಲ್ಲ. ಹೆಸರನ್ನ ಕನ್ನಡ ಅಕ್ಷರದಲ್ಲಿ ಬರೆದ್ರೂ ಇದೇ ಗತಿ.

ಪ್ರತಿ ಮೆಸೇಜಿಗೂ ಇಂಗ್ಲಿಷಿನಲ್ಲಿ ಒಂದು ಉತ್ತರ ಬಂದಿತ್ತು. ಅತ್ತೆ ಒಂದನ್ನೂ ಅಳಿಸಿರಲಿಲ್ಲ. "ನೋಡು, ಪ್ರತಿ ಸಲಾನೂ ಥ್ಯಾಂಕ್ಸ್ ಕಳಿಸ್ತಾರೆ" ಅಂತ ಹೆಮ್ಮೆಯಿಂದ ತೋರಿಸಿದ್ರು. ಅದರಲ್ಲಿ ಬರೆದಿದ್ದದ್ದು ಬೇರೆ: ನೀವು ಕಳಿಸಿದ ಪದ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ.

ನಾನು ಬಾಯಿ ಬಿಡಲಿಲ್ಲ. ಜಾಗ ಬಿಟ್ಟು ಹೊಸದಾಗಿ ಟೈಪ್ ಮಾಡಿ ಕಳಿಸಿದೆ. ಹೋಯ್ತು. ಐದು ಕಳಿಸಿದೆ, ಐದೂ ಹೋದವು. ಆರನೇದು ಹೋಗಲಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆ. ಸಿಮ್ ತೆಗೆದು ಅಂಗಿಗೆ ಒರೆಸಿ ಹಾಕಿದೆ. ಊಹೂಂ. ಸಂಜೆ ವಾರ್ತೆ ನೋಡಿದಾಗ ಕಾರಣ ಗೊತ್ತಾಯ್ತು. ಅಸ್ಸಾಂ ಗಲಭೆಯ ಹೆಸರಲ್ಲಿ ಎಸ್ಸೆಮ್ಮೆಸ್ಸಿನಲ್ಲಿ ಸುಳ್ಳು ಸುದ್ದಿ ಹರಡಿ, ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಹೆದರಿ ಗುವಾಹಟಿ ರೈಲು ಹತ್ತಿದ್ರು. ಅದನ್ನ ತಡೆಯೋಕೆ ಕೇಂದ್ರ ಸರ್ಕಾರ 15 ದಿನ ಬಲ್ಕ್ ಎಸ್ಸೆಮ್ಮೆಸ್ ನಿಷೇಧಿಸಿತ್ತು. ದಿನಕ್ಕೆ ಐದೇ ಮೆಸೇಜು. ಕೆಲವು ದಿನ ಬಿಟ್ಟು ಅದನ್ನ 20ಕ್ಕೆ ಏರಿಸಿದ್ರು. ಬೆಂಗಳೂರಿನ ರೈಲ್ವೆ ಸ್ಟೇಷನ್ನಿನ ಭಯ ಟಿ. ನರಸೀಪುರದ ಹೂವಿನ ಬುಟ್ಟಿವರೆಗೆ ಬಂದಿತ್ತು. ನಾನೋ, ಸಿಮ್ ಒರೆಸ್ತಾ ಕೂತಿದ್ದೆ.

ಆ ವಾರ ಹುಡುಗ ಹೊರಗೆ ಬಂದ. ಅತ್ತೆ ಹೇಳಿದ್ದು ಒಂದೇ ಮಾತು: "ನನಗೆ ಸರಿಯಾಗಿ ಒತ್ತೋಕೆ ಬರ್ಲಿಲ್ಲ ಅನ್ಸುತ್ತೆ."

ನನ್ನನ್ನ ಇವತ್ತಿಗೂ ಕಾಡೋದು ಈ ಮಾತು. ಯಂತ್ರ ಕೈಕೊಟ್ರೆ ನಮ್ಮ ಜನ ಯಂತ್ರವನ್ನ ಬೈಯಲ್ಲ. ತಪ್ಪು ತಮ್ಮದೇ ಅಂದುಕೊಳ್ತಾರೆ.

ಒಂದು ವಿಷಯ ತಿಳ್ಕೊಳ್ಳಿ. ಫೋನಿನಲ್ಲಿ "ಮೆಸೇಜ್ ಸೆಂಟ್" ಅಂತ ಬಂದ್ರೆ ಓಟು ಬಿತ್ತು ಅಂತಲ್ಲ. ನಿಮ್ಮ ಮೊಬೈಲ್ ಕಂಪನಿಯ ಮೆಸೇಜ್ ಸೆಂಟರ್ ಅದನ್ನ ತಗೊಂಡಿದೆ ಅಂತ ಅಷ್ಟೇ. ಅಲ್ಲಿಂದ ಅದು ಸ್ಪರ್ಧೆಯ ಕಂಪ್ಯೂಟರಿಗೆ ಹೋಗಬೇಕು, ಅಲ್ಲಿ ಲೆಕ್ಕಕ್ಕೆ ಸೇರಬೇಕು. ನಂಜನಗೂಡಿನಲ್ಲಿ ಕಪಿಲೆಗೆ ಒಂದು ದೀಪ ಬಿಡ್ತೀರಿ. ನೀರಿಗೆ ಬಿಟ್ಟಿದ್ದು ಗೊತ್ತು. ಅದು ತಿರುಮಕೂಡಲಿಗೆ ಹೋಗಿ ಕಾವೇರಿ ಸೇರ್ತಾ ಅಂತ ಅಲ್ಲಿ ನಿಂತು ನೋಡಿದವರೇ ಹೇಳಬೇಕು.

ನೋಡೋರು ಯಾರು? 2007ರಲ್ಲಿ ಕೌನ್ ಬನೇಗಾ ಕರೋಡ್‌ಪತಿ ಜೊತೆ ವೀಕ್ಷಕರಿಗೆ "ಹರ್ ಸೀಟ್ ಹಾಟ್ ಸೀಟ್" ಅಂತ ಎಸ್ಸೆಮ್ಮೆಸ್ ಸ್ಪರ್ಧೆ ಇತ್ತು. ಒಂದು ಮೆಸೇಜಿಗೆ 2 ರೂಪಾಯಿ 40 ಪೈಸೆ. ಬಂದ ಮೆಸೇಜು ಸುಮಾರು 5.8 ಕೋಟಿ. ಗುಣಿಸಿ ನೋಡಿ, 13 ಕೋಟಿ 92 ಲಕ್ಷ ರೂಪಾಯಿ. ಬಹುಮಾನದ ದುಡ್ಡು ವೀಕ್ಷಕರ ಮೆಸೇಜಿನಿಂದಲೇ ಬಂದಿದೆ ಅಂತ ದೂರು ಹೋಯ್ತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಒಂದು ಕೋಟಿ ರೂಪಾಯಿ ದಂಡ ಹಾಕ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡ್ತು. ಮೆಸೇಜಿನ ದುಡ್ಡಿನಲ್ಲೇ ಬಹುಮಾನ ಕೊಟ್ರು ಅನ್ನೋಕೆ ಆಧಾರ ಇಲ್ಲ ಅಂತು. ಸರಿ, ಕೋರ್ಟಿನ ತೀರ್ಪು ಒಪ್ಪೋಣ. ಆದರೆ ಎರಡೂವರೆ ರೂಪಾಯಿ ಸಣ್ಣದು ಅಂತ ಮಾತ್ರ ಯಾರೂ ಹೇಳಬೇಡಿ.

2017ರಲ್ಲಿ ನಂಜನಗೂಡಿನಲ್ಲಿ ಉಪಚುನಾವಣೆ ಆಯ್ತಲ್ಲ, ಎಣಿಕೆ ಮೇಜಿನ ಮುಂದೆ ಅಭ್ಯರ್ಥಿಗಳ ಏಜೆಂಟರು ಕೂತಿದ್ರು, ಸುತ್ತು ಸುತ್ತಿಗೂ ಲೆಕ್ಕ ಹೊರಗೆ ಬಂತು. ಆ ಓಟಿಗೆ ಒಂದು ಪೈಸೆ ಕೊಡಬೇಕಿಲ್ಲ. ದುಡ್ಡು ಕೊಟ್ಟು ಹಾಕೋ ಓಟಿಗೆ ಲೆಕ್ಕ ಕೇಳಬಾರದಾ?

ಹಾಗಾಗಿ ಶೋ ಮಾಡೋರಿಗೆ, ನಮ್ಮ ಕಸುಬಿನವರಿಗೇ, ಮೂರು ಮಾತು. ಓಟು ಲೆಕ್ಕಕ್ಕೆ ಬಂತೋ ಇಲ್ವೋ ಅಂತ ಕನ್ನಡದಲ್ಲಿ ಉತ್ತರ ಕೊಡಿ. ಲೆಕ್ಕಕ್ಕೆ ಬಾರದ ಓಟಿಗೆ ದುಡ್ಡು ತಗೋಬೇಡಿ. ಯಾರಿಗೆ ಎಷ್ಟು ಬಿತ್ತು ಅಂತ ಪರದೆ ಮೇಲೆ ತೋರಿಸಿ.

ನಿಮಗೂ ಒಂದು ಮಾತು. ಎಸ್ಸೆಮ್ಮೆಸ್ ಇರಲಿ, ಆ್ಯಪ್ ಇರಲಿ, ಮೊದಲು ಒಂದೇ ಒಂದು ಓಟು ಹಾಕಿ. ಉತ್ತರ ಬರೋವರೆಗೆ ಕಾಯಿರಿ. ಓದೋಕೆ ಬರದಿದ್ರೆ ಓದು ಬರೋರ ಕೈಲಿ ಓದಿಸಿ. ಎಷ್ಟು ದುಡ್ಡು ಹೋಯ್ತು ನೋಡಿ. ಆಮೇಲೆ ಎರಡನೇ ಓಟಿನ ಯೋಚನೆ. ಒಟಿಪಿ ಬರಲಿಲ್ಲ ಅಂತ ಯಾರೋ ಕಳಿಸಿದ ಲಿಂಕ್ ಮಾತ್ರ ಒತ್ತಬೇಡಿ.

ಕೊನೆಗೆ ಒಂದು ಬಾಕಿ ಇದೆ. ಅತ್ತೆ, ನೀವು ಈ ಕಾರ್ಯಕ್ರಮ ದಿನಾ ನೋಡ್ತೀರಿ ಅಂತ ಗೊತ್ತು. ಅವತ್ತು ನೀವು ತೋರಿಸಿದ್ದು ಥ್ಯಾಂಕ್ಸ್ ಆಗಿರಲಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಹೇಳಬೇಕಿತ್ತು. ನಿಮಗೆ ಒತ್ತೋಕೆ ಚೆನ್ನಾಗೇ ಬರ್ತಿತ್ತು. ಹೇಗೆ ಒತ್ತಬೇಕು ಅಂತ ನಿಮ್ಮ ಭಾಷೆಯಲ್ಲಿ ಹೇಳೋರು ಇರಲಿಲ್ಲ, ಅಷ್ಟೇ.