‘ವೆರಿ ವೆರಿ’ ಬರೆದು ಕಾಕಾನ ಮಾನ ಕಳೆದ ಕಥೆ

 

ಇವತ್ತಿನ ಮಾತು ಒಂದು ಸಣ್ಣ ಶಬ್ದದ ಬಗ್ಗೆ. ಇಂಗ್ಲಿಷಿನ ‘ವೆರಿ’. ಜೊತೆಗೆ ಅದರ ಅಣ್ಣತಮ್ಮಂದಿರು: ‘ಟೂ’, ‘ರಿಯಲಿ’, ‘ಟೋಟಲಿ’, ‘ಕಂಪ್ಲೀಟ್ಲಿ’. ನಾವು ‘ಭಾಳ’, ‘ಭಾರಿ’, ‘ಅಗದೀ’ ಅಂತೀವಲ್ಲ, ಆ ಕೆಲಸ ಮಾಡೋ ಶಬ್ದಗಳು. ನಾನು ಇಂಗ್ಲಿಷ್ ಮಾಸ್ತರ ಅಲ್ಲ, ಬಿ.ಕಾಂ. ಮಾಡಿದವನು. ಈ ಪಾಠ ನನಗೆ ಆಗಿದ್ದು ಕ್ಲಾಸಿನಲ್ಲಿ ಅಲ್ಲ, ತಡಸದಲ್ಲಿ ನಮ್ಮ ಕಾಕಾನ ಹೊಲದ ಬದುವಿನ ಮೇಲೆ.

ಎರಡು ವರ್ಷದ ಹಿಂದಿನ ಮುಂಗಾರು. ಭಾನುವಾರ ರಾತ್ರಿ ಹಿಡಿದ ಮಳೆ ಬೆಳಗಾದ್ರೂ ಬಿಡಲಿಲ್ಲ. ಕಾಕಾನ ಮೂರು ಎಕರೆ ಗೋವಿನಜೋಳದೊಳಗೆ ನೀರು ನಿಂತಿತು. ಬೆಳೆ ವಿಮೆ ಕಟ್ಟಿದ್ದ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಅಂತ 2016ರಲ್ಲಿ ಶುರುವಾಯ್ತಲ್ಲ, ಅದು. ಆಲಿಕಲ್ಲು ಬಿದ್ದು, ಹೊಲ ಮುಳುಗಿ ಹಾನಿಯಾದ್ರೆ ಅದರಲ್ಲಿ 72 ಗಂಟೆಯೊಳಗೆ ತಿಳಿಸಬೇಕು. ಕಾಕಾ ಸೋಮವಾರ ಮುಂಜಾನೆ ಬಂದು, “ತಮ್ಮಾ, ನೀ ಓದಿದಾವ ಅದಿ, ಒಂದ್ ಮೇಲ್ ಬರದ ಹಾಕು” ಅಂದ.

ಇಂಗ್ಲಿಷಿನಲ್ಲಿ ಬರೆದ್ರೆ ತೂಕ ಜಾಸ್ತಿ ಅಂತ ನನ್ನ ಲೆಕ್ಕ. ಬರೆದೆ: ‘ವೆರಿ ವೆರಿ ಹೆವಿ ರೇನ್. ಅವರ್ ಕ್ರಾಪ್ ಈಸ್ ಟೋಟಲಿ ಆ್ಯಂಡ್ ಕಂಪ್ಲೀಟ್ಲಿ ಡ್ಯಾಮೇಜ್ಡ್. ಪ್ಲೀಸ್ ಹೆಲ್ಪ್ ವೆರಿ ಅರ್ಜೆಂಟ್ಲಿ.’ ಓದಿ ಹೇಳಿದೆ. ಕಾಕಾಗೂ ಖುಷಿ, ನನಗೂ ಖುಷಿ.

ಮಂಗಳವಾರ ಮಧ್ಯಾಹ್ನ ಉತ್ತರ ಬಂತು, ನಾಲ್ಕೇ ಪ್ರಶ್ನೆ. ಯಾವ ದಿನ? ಸರ್ವೇ ನಂಬರ್ ಯಾವುದು? ಎಷ್ಟು ಎಕರೆ? ಹಾನಿ ಎಷ್ಟು ಪಾಲು? ನನ್ನ ಮೇಲ್‌ನಲ್ಲಿ ಒತ್ತು ಕೊಡೋ ಶಬ್ದ ಐದು ಇದ್ದವು. ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. 72ರಲ್ಲಿ ಒಂದು ದಿನದ ಮೇಲೆ ನಾನೇ ತಿಂದು ಹಾಕಿದ್ದೆ. ಓಡಿ ಹೋಗಿ ಉತಾರ ತಂದು ಎರಡನೇ ಮೇಲ್ ಬರೆದೆ. ತಾರೀಖು, ಸರ್ವೇ ನಂಬರ್, ತಗ್ಗಿನ ಕಡೆ 1 ಎಕರೆ 10 ಗುಂಟೆಯಲ್ಲಿ ಮೊಣಕಾಲ ಮಟ ನೀರು, ನಾಲ್ಕು ಫೋಟೊ.

ಕೆಲವು ದಿನ ಬಿಟ್ಟು ಸಮೀಕ್ಷೆಗೆ ಒಬ್ಬರು ಬಂದ್ರು. ಅವರ ಫೋನಿನಲ್ಲಿ ನನ್ನ ಮೊದಲನೇ ಮೇಲ್ ತೆರೆದಿತ್ತು. ದಿಬ್ಬದ ಕಡೆ ಹಸಿರಾಗಿ ನಿಂತಿದ್ದ ಬೆಳೆ ತೋರಿಸಿ ಕೇಳಿದ್ರು: “ಯಜಮಾನ್ರ, ಪೂರ್ತಿ ಹೋಗೇತಿ ಅಂತ ಬರದೀರಿ. ಹಂಗಾದ್ರ ಇದೇನ್ರೀ?”

ಕಾಕಾ ತಲೆ ತಗ್ಗಿಸಿದ. ಅವರು ಹೋದ ಮೇಲೆ ನನಗೆ ಒಂದೇ ಮಾತು ಅಂದ: “ನನ್ನ ಸುಳ್ಳುಗಾರನ್ನ ಮಾಡಿದೆಲ್ಲೋ ತಮ್ಮಾ.”

ಎರಡನೇ ಮೇಲ್ ಇತ್ತು ಅಂತ ಪಾರಾದ್ವಿ. ಲೆಕ್ಕ 1 ಎಕರೆ 10 ಗುಂಟೆಗೇ ಆಯ್ತು. ಆದ್ರೆ ಆ ಮಾತು ಇನ್ನೂ ನನ್ನ ಕಿವಿಯಲ್ಲೈತಿ. ಅವತ್ತಿನಿಂದ ಈ ಶಬ್ದಗಳ ಬೆನ್ನು ಹತ್ತಿದೆ. ಸಿಕ್ಕಿದ್ದು ಹೇಳ್ತೀನಿ, ಕೇಳ್ರಿ.

ಮೊದಲನೇದು. ‘ವೆರಿ’ ಹುಟ್ಟಿದ್ದು ಹಳೇ ಫ್ರೆಂಚಿನಿಂದ. ಅಲ್ಲಿ ಅದರ ಅರ್ಥ ‘ನಿಜ’. ಅಂದ್ರೆ ನಾವು ಮಾತು ಮಾತಿಗೆ ‘ಖರೇನ’ ಅಂತೀವಲ್ಲ, ಹಂಗ. ಬಳಸಿ ಬಳಸಿ ಸವೆದು ‘ಭಾಳ’ ಆಗಿ ಉಳೀತು. ನಮ್ಮ ‘ಭಯಂಕರ’ ನೋಡ್ರಿ: “ಮಿರ್ಚಿ ಭಯಂಕರ ಚಲೋ ಆಗ್ಯಾವ” ಅಂದ್ರೆ ಯಾರಿಗೂ ಭಯ ಆಗಲ್ಲ. ಇಂಗ್ಲಿಷಿನ ‘ಟೆರಿಬ್ಲಿ’, ‘ಆಫುಲಿ’ ಕಥೆನೂ ಅದೇ. ಸವೆದ ನಾಣ್ಯ ಎರಡು ಕೊಟ್ರೆ ಬೆಲೆ ಏರಲ್ಲ. ‘ವೆರಿ ವೆರಿ’ ಅನ್ನೋದು ಎರಡು ಸವೆದ ನಾಣ್ಯ.

ಎರಡನೇದು ‘ಟೂ’. ನಾವು ಜಾಸ್ತಿ ಎಡವೋದೇ ಇಲ್ಲಿ, ಯಾಕಂದ್ರೆ ನಮ್ಮ ‘ಭಾಳ’ ಎರಡೂ ಕೆಲಸ ಮಾಡುತ್ತೆ. “ಚಾ ಭಾಳ ಬಿಸಿ ಐತಿ, ಮಸ್ತ್” ಅಂತ ಹೊಗಳಬಹುದು. “ಚಾ ಭಾಳ ಬಿಸಿ ಐತಿ, ಕುಡಿಯಾಕ ಆಗೂದಿಲ್ಲ” ಅಂತ ಕಪ್ಪು ಕೆಳಗಿಡಬಹುದು. ಇಂಗ್ಲಿಷಿನಲ್ಲಿ ಮೊದಲನೇದು ‘ವೆರಿ ಹಾಟ್’, ಎರಡನೇದು ‘ಟೂ ಹಾಟ್’. ‘ಟೂ’ ಅಂದ್ರೆ ಅತಿಯಾಯ್ತು, ಮಿತಿ ಮೀರಿತು ಅಂತ. ಮಾತಿನಲ್ಲಿ ‘ಟೂ ಗುಡ್’ ಅಂದ್ರೆ ನಡೀತದೆ. ಆದ್ರೆ ಮ್ಯಾನೇಜರ್‌ಗೆ ‘ಯೂ ಆರ್ ಟೂ ಹೆಲ್ಪ್‌ಫುಲ್’ ಅಂತ ಬರೆದ್ರೆ, ‘ನಿಮ್ಮ ಸಹಾಯ ಅತಿಯಾಯ್ತು’ ಅಂದಂಗೆ ಕೇಳಬಹುದು.

ಮೂರನೇದು. ‘ಭಾಳ’ ಎಲ್ಲದರ ಜೊತೆ ಹೊಂದ್ಕೊಳ್ಳುತ್ತೆ: ಭಾಳ ದೊಡ್ಡದು, ಭಾಳ ಓಡಿದ, ಅದಕ್ಕಿಂತ ಭಾಳ ಚಲೋ. ‘ವೆರಿ’ ಹಂಗಲ್ಲ. ‘ವೆರಿ ಬಿಗ್’ ಸರಿ. ಕ್ರಿಯಾಪದದ ಮುಂದೆ ಒಂಟಿಯಾಗಿ ಬರಲ್ಲ: ‘ಐ ವೆರಿ ಲೈಕ್’ ತಪ್ಪು, ‘ಐ ಲೈಕ್ ಇಟ್ ವೆರಿ ಮಚ್’ ಸರಿ. ಹೋಲಿಕೆ ಮಾಡುವಾಗ ‘ವೆರಿ ಬೆಟರ್’ ಅಲ್ಲ, ‘ಮಚ್ ಬೆಟರ್’ ಇಲ್ಲಾ ‘ಫಾರ್ ಬೆಟರ್’.

ನಾಲ್ಕನೇದು. ಕೆಲವು ಶಬ್ದಗಳ ಹೊಟ್ಟೆ ಮೊದಲೇ ತುಂಬಿರುತ್ತೆ. ‘ಬಟ್ಟಬಯಲು’ ಅನ್ನೋ ಶಬ್ದದಲ್ಲೇ ಒತ್ತು ಐತಿ. ‘ನಟ್ಟನಡು’, ‘ಕಟ್ಟಕಡೆ’, ‘ತುತ್ತತುದಿ’ ಅಷ್ಟೇ. ‘ಭಾಳ ಬಟ್ಟಬಯಲು’ ಅಂತ ಯಾರೂ ಅನ್ನಲ್ಲ. ಇಂಗ್ಲಿಷಿನಲ್ಲೂ ‘ಎಕ್ಸಲೆಂಟ್’, ‘ಇಂಪಾಸಿಬಲ್’, ‘ಎಕ್ಸಾಸ್ಟೆಡ್’ ಅಂಥ ಶಬ್ದಗಳು. ಅವಕ್ಕೆ ‘ವೆರಿ’ ಹೊಂದಲ್ಲ. ಒತ್ತು ಬೇಕೇ ಬೇಕು ಅಂದ್ರೆ ‘ಆ್ಯಬ್ಸಲ್ಯೂಟ್ಲಿ’ ಹಾಕ್ರಿ. ‘ವೆರಿ ಟೈರ್ಡ್’, ಆದ್ರೆ ‘ಆ್ಯಬ್ಸಲ್ಯೂಟ್ಲಿ ಎಕ್ಸಾಸ್ಟೆಡ್’.

ಐದನೇದು ಜೋಡಿ. ‘ಕಡುಬಡವ’ ಅಂತೀವಿ, ‘ಕಡುಶ್ರೀಮಂತ’ ಅನ್ನೋದು ಕಿವಿಗೆ ಒಗ್ಗಲ್ಲ, ‘ಆಗರ್ಭ ಶ್ರೀಮಂತ’ ಅಂತೀವಿ. ಕತ್ತಲಿಗೆ ‘ಕಗ್ಗತ್ತಲು’. ಯಾವ ನಿಯಮ ಅಂತ ಕೇಳಿದ್ರೆ ನಮ್ಮ ಅವ್ವನಿಗೂ ಗೊತ್ತಿಲ್ಲ, ಆದ್ರೆ ಆಕಿ ತಪ್ಪೋದಿಲ್ಲ. ಕೇಳಿ ಕೇಳಿ ಬಂದದ್ದು. ಇಂಗ್ಲಿಷಿನಲ್ಲೂ ಹಿಂಗೇ ಜೋಡಿಗಳಿವೆ: ‘ಡೀಪ್ಲಿ ಸಾರಿ’, ‘ಹೈಲಿ ಕ್ವಾಲಿಫೈಡ್’, ‘ಬ್ಯಾಡ್ಲಿ ಡ್ಯಾಮೇಜ್ಡ್’, ‘ಸ್ಟ್ರಾಂಗ್ಲಿ ರೆಕಮೆಂಡ್’. ಇವನ್ನು ಒಂದೊಂದೇ ಬಿಡಿಸಿ ಕಲಿಯಬೇಡ್ರಿ. ಸುದ್ದಿ ಓದುವಾಗ ಕಂಡ್ರೆ ಜೋಡಿಯಾಗೇ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಕೊಳ್ರಿ.

ಇನ್ನೊಂದು ಕಿಲಾಡಿ ಶಬ್ದ ‘ಕ್ವೈಟ್’. ಅಮೆರಿಕದವರು ‘ಕ್ವೈಟ್ ಗುಡ್’ ಅಂದ್ರೆ ಹೆಚ್ಚಾಗಿ ಭಾಳ ಚಲೋ ಅಂತ. ಬ್ರಿಟನ್ನಿನವರು ಅಂದ್ರೆ ಹೆಚ್ಚಾಗಿ ‘ಪರವಾಗಿಲ್ಲ’ ಅನ್ನೋ ಅಷ್ಟೇ. ಯಾರಿಗೆ ಬರೀತಿದ್ದೀರಿ ಗೊತ್ತಿಲ್ಲ ಅಂದ್ರೆ ಅದನ್ನ ಬಿಟ್ಟು ಬಿಡ್ರಿ.

ಹಂಗಾದ್ರೆ ‘ವೆರಿ’ ಬರೀಲೇಬಾರದಾ? ಬರೀರಿ. ಗೆಳೆಯನಿಗೆ ‘ಐ ಆ್ಯಮ್ ವೆರಿ ಹ್ಯಾಪಿ ಫಾರ್ ಯೂ’ ಅಂತ ಬರೆಯೋದ್ರಲ್ಲಿ ಏನೂ ತಪ್ಪಿಲ್ಲ. ಖುಷಿಯನ್ನ ಗುಂಟೆಯಲ್ಲಿ ಅಳೆಯೋಕೆ ಆಗಲ್ಲ. ಆದ್ರೆ ಅರ್ಜಿ, ದೂರು, ಕೆಲಸದ ಮೇಲ್ ಬರೆಯುವಾಗ ನಾನು ಎರಡು ಪ್ರಶ್ನೆ ಕೇಳ್ಕೊಳ್ತೀನಿ.

ಒಂದು: ಈ ಶಬ್ದ ತೆಗೆದ್ರೆ ಅರ್ಥ ಬದಲಾಗುತ್ತಾ? ಆಗಲ್ಲ ಅಂದ್ರೆ ತೆಗೀತೀನಿ. ಎರಡು: ಇದು ಯಾವುದಾದ್ರೂ ಅಂಕಿಯ ಜಾಗದಲ್ಲಿ ಕೂತಿದೆಯಾ? ‘ವೆರಿ ಲೇಟ್’ ಅಲ್ಲ, ‘12 ದಿನ ತಡ’. ‘ವೆರಿ ಹಾರ್ಡ್‌ವರ್ಕಿಂಗ್’ ಅಲ್ಲ, ‘ಕಾಲೇಜಿನ ಜೊತೆ ಎರಡು ವರ್ಷ ಅಂಗಡಿಯ ಲೆಕ್ಕ ಬರೆದಿದ್ದೇನೆ’. ‘ಕಂಪ್ಲೀಟ್ಲಿ’ ಮಾತ್ರ ಇನ್ನೂ ಹುಷಾರು. ಅದು ಬರೀ ಒತ್ತು ಅಲ್ಲ, ಅದು ಅಳತೆ. ನೂರಕ್ಕೆ ನೂರು ಅಂತ ಅರ್ಥ. ಓದಿದವರು ಬಂದು ಅಳೆದು ನೋಡ್ತಾರೆ.

ನಮಗ್ಯಾಕೆ ಇದೆಲ್ಲ ಅಂತೀರಾ? ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಕೂತು ನಮ್ಮ ಮೇಲ್ ಓದೋರು ನಮ್ಮ ಮುಖ ನೋಡಿಲ್ಲ, ದನಿ ಕೇಳಿಲ್ಲ. ಎದುರಿಗೆ ನಿಂತಾಗ ಕಾಕಾನ ಕಣ್ಣೇ ಹೇಳುತ್ತೆ ಎಷ್ಟು ಕಷ್ಟ ಆಗೇತಿ ಅಂತ. ಕಾಗದದ ಮೇಲೆ ಆ ಕಣ್ಣು ಇರಲ್ಲ. ಅದರ ಜಾಗಕ್ಕೆ ನಾವು ‘ವೆರಿ’ ತುಂಬ್ತೀವಿ. ಓದೋರಿಗೆ ಬೇಕಾಗಿದ್ದು ನಂಬಿಕೆ, ಅದು ಬರೋದು ತಾರೀಖಿನಿಂದ, ಗುಂಟೆಯಿಂದ, ಫೋಟೊದಿಂದ.

ಮೊನ್ನೆ ಕಾಕಾ ಮತ್ತೆ ಬಂದಿದ್ದ, ಕರೆಂಟ್ ಬಿಲ್ ತಪ್ಪಾಗಿ ಬಂದೈತಿ, ಬರೆದು ಕೊಡು ಅಂತ. ಫೋನ್ ಕೈಗೆ ತಗೊಂಡೆ. ಪಕ್ಕದಲ್ಲೇ ಕೂತು ಹೇಳಿದ: “ಇದ್ದದ್ದ ಇದ್ದಂಗ ಬರಿ ತಮ್ಮಾ. ಭಾಳ ಬರೀಬ್ಯಾಡ.”

ನಿಮಗೊಂದು ಸಣ್ಣ ಕೆಲಸ. ನೀವು ಕೊನೆಗೆ ಕಳಿಸಿದ ಇಂಗ್ಲಿಷ್ ಮೇಲ್ ತೆಗೀರಿ. ‘ವೆರಿ’ ಎಷ್ಟು ಸಲ ಇದೆ ಎಣಿಸ್ರಿ. ಒಂದೊಂದೇ ತೆಗೆದು ಜೋರಾಗಿ ಓದ್ರಿ. ಯಾವುದು ಇಲ್ಲದಿದ್ರೆ ಮಾತು ಸೊರಗುತ್ತೋ ಅದನ್ನ ಉಳಿಸ್ಕೊಳ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರೀ.